ಯಾರ ಪಟ್ಟಿಯಲ್ಲೂ ಇಲ್ಲದ ಪ್ಲಾಸ್ಟಿಕ್ ಕಾಳು: ಮಂಗಳೂರು, ಮಲ್ಪೆಗೆ ಇದರಿಂದ ಏನು?

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೈನರ್ ಹಡಗು ಕೇರಳದ ಕಡಲಲ್ಲಿ ಮುಳುಗಿತು. ಎರಡು ವಾರ ಕಳೆದು ಜೂನ್ 9ರಂದು ಕಣ್ಣೂರಿನಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಅದರ 22 ಸಿಬ್ಬಂದಿಯಲ್ಲಿ ಪಾರಾದ 18 ಜನರನ್ನು ಕರೆತಂದದ್ದು ಪಣಂಬೂರಿನ ನವಮಂಗಳೂರು ಬಂದರಿಗೆ. ಅಲ್ಲಿಗೆ ಕರಾವಳಿಯಲ್ಲಿ ಪ್ರಶ್ನೆಗಳು ಜಾಸ್ತಿಯಾದವು. ಎಲ್ಸಾದಿಂದ ಕಡಲಿಗೆ ಬಿದ್ದು ತಿರುವನಂತಪುರದ ಮರಳಲ್ಲಿ ಕಂಡ ಬಿಳಿ ಪ್ಲಾಸ್ಟಿಕ್ ಕಾಳು ಉಳ್ಳಾಲಕ್ಕೂ ಬರುತ್ತದಾ? ಮೀನು ತಿನ್ನಬಹುದಾ?

ಸುದ್ದಿಯ ಅಂಕಿಗಳು ಗೊಂದಲವನ್ನು ಇನ್ನಷ್ಟು ಹೆಚ್ಚಿಸಿದವು. ಎಲ್ಸಾದಲ್ಲಿ 600ಕ್ಕೂ ಹೆಚ್ಚು ಕಂಟೈನರ್ ಇದ್ದವು. ಅಪಾಯಕಾರಿ ಸರಕು ಇದ್ದದ್ದು 13ರಲ್ಲಿ, ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್ ಇದ್ದದ್ದು 12ರಲ್ಲಿ ಎಂದು ಅಧಿಕಾರಿಗಳು ಹೇಳಿದರು. ಆಮೇಲೆ ಕೇರಳ ಸರ್ಕಾರ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಉಳಿದ ಕಂಟೈನರ್‌ಗಳಲ್ಲಿ ಅಪಾಯವೇ ಇಲ್ಲದ ಸರಕು ಅಂದಮೇಲೆ ವಾರಗಟ್ಟಲೆ ಜನ ಮರಳು ಜರಡಿ ಹಿಡಿದದ್ದು ಯಾಕೆ?

ಯಾಕೆಂದರೆ ಆ ಕಾಳು ಅಪಾಯಕಾರಿ ಸರಕಿನ ಪಟ್ಟಿಯಲ್ಲೇ ಇಲ್ಲ. ಬಂದರು, ಹಡಗು ಮತ್ತು ಮೈಕ್ರೋಪ್ಲಾಸ್ಟಿಕ್ ಎಂಬ ಸಣ್ಣ ಪ್ಲಾಸ್ಟಿಕ್ ಕಣಗಳ ಇಡೀ ಕಥೆ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

ಏನಿದು ಕಾಳು?

ಪ್ಲಾಸ್ಟಿಕ್ ಕುರ್ಚಿ, ಅಕ್ಕಿ ಚೀಲ, ದೋಣಿಯ ಹಗ್ಗ ಎಲ್ಲದರ ಕಚ್ಚಾ ಮಾಲು ಇದೇ. ನೋಡಲು ಥೇಟ್ ಸಬ್ಬಕ್ಕಿ. ಅಗಲ 2ರಿಂದ 5 ಮಿಲಿಮೀಟರ್. ಉದ್ಯಮದವರು ಪೆಲೆಟ್ ಅನ್ನುತ್ತಾರೆ, ಪರಿಸರದವರು ನರ್ಡಲ್ ಅನ್ನುತ್ತಾರೆ. ಸಾಮಾನ್ಯವಾಗಿ 25 ಕಿಲೋ ಚೀಲಗಳಲ್ಲಿ ತುಂಬುತ್ತಾರೆ. ಒಂದು ಕಾಳು 25 ಮಿಲಿಗ್ರಾಂ ಎಂದು ಹಿಡಿದರೂ ಒಂದು ಚೀಲದಲ್ಲಿ ಹತ್ತು ಲಕ್ಷ ಕಾಳು. ಒಂದು ಕಂಟೈನರ್‌ನಲ್ಲಿ ಇಂಥ ಸಾವಿರದಷ್ಟು ಚೀಲ ಹಿಡಿಯುತ್ತದೆ.

ಕಾಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಇಲ್ಲವೇ ಪಾಲಿಥೀನ್ ಎಂಬ ಪ್ಲಾಸ್ಟಿಕ್‌ನದ್ದು. ಎರಡೂ ನೀರಿಗಿಂತ ಹಗುರ. ಚೀಲ ಹರಿದರೆ ಕಾಳು ತೇಲುತ್ತದೆ, ಗಾಳಿ ಮತ್ತು ಪ್ರವಾಹ ಕರೆದುಕೊಂಡು ಹೋದಲ್ಲಿಗೆ ಹೋಗುತ್ತದೆ. ದಡಕ್ಕೆ ಬಂದಮೇಲೆ ಮರಳಿನೊಳಗೆ ಸೇರಿಕೊಳ್ಳುತ್ತದೆ. ಎಣ್ಣೆಯಾದರೆ ಸೂಕ್ಷ್ಮಜೀವಿಗಳು ನಿಧಾನಕ್ಕೆ ಒಡೆಯುತ್ತವೆ, ಒಂದಷ್ಟು ಆವಿಯಾಗುತ್ತದೆ. ಕಾಳು ಹಾಗಲ್ಲ. ಬಿಸಿಲಿಗೆ ಹಳದಿಯಾಗಿ, ಬಿರುಕು ಬಿಟ್ಟು, ಇನ್ನೂ ಸಣ್ಣ ಚೂರಾಗುತ್ತದೆ ಅಷ್ಟೆ.

ಶ್ರೀಲಂಕಾ ಇದನ್ನು ಅನುಭವಿಸಿದೆ. 2021ರ ಮೇಯಲ್ಲಿ ಕೊಲಂಬೊ ಬಳಿ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿದ್ದಾಗ ಅದರಲ್ಲಿ ಸುಮಾರು 1,680 ಟನ್ ಕಾಳು ಇತ್ತು. ಒಂದೇ ಘಟನೆಯಲ್ಲಿ ಇಷ್ಟು ಕಾಳು ಕಡಲಿಗೆ ಬಿದ್ದದ್ದು ಜಗತ್ತಿನಲ್ಲಿ ಅದೇ ಮೊದಲು. ಸುಟ್ಟ ಕಾಳು ಕಪ್ಪಾಗಿ ಗಂಟುಕಟ್ಟಿ ಕಲ್ಲಿನ ಚೂರಿನಂತೆ ಕಂಡಿತು. ಬಿಳಿ ಕಾಳನ್ನಾದರೂ ಆರಿಸಬಹುದು. ಮರಳಿನ ನಡುವೆ ಕಪ್ಪು ಗಂಟು ಯಾವುದು, ಕಲ್ಲು ಯಾವುದು ಎಂದು ಹೇಗೆ ಆರಿಸುವುದು?

ಕಾನೂನಿನ ಕಣ್ಣಿಗೆ ಬೀಳದ ಸರಕು

ಹಡಗಿನಲ್ಲಿ ಅಪಾಯಕಾರಿ ಸರಕು ಸಾಗಿಸಲು ಅಂತರರಾಷ್ಟ್ರೀಯ ಪಟ್ಟಿಯೊಂದಿದೆ. ಅದರಲ್ಲಿ ಹೆಸರು ಇರುವ ಸರಕಿಗೆ ವಿಶೇಷ ಲೇಬಲ್, ಪ್ರತ್ಯೇಕ ಜಾಗ, ಮೊದಲೇ ಮಾಹಿತಿ ಎಲ್ಲ ಕಡ್ಡಾಯ. ಪಟ್ಟಿ ಮಾಡುವವರು ನೋಡುವುದು ಮುಖ್ಯವಾಗಿ ಬೆಂಕಿ ಹತ್ತುತ್ತದಾ, ಸ್ಫೋಟವಾಗುತ್ತದಾ, ವಿಷವಾ ಎಂಬುದನ್ನು. ಪ್ಲಾಸ್ಟಿಕ್ ಕಾಳು ಈ ಪರೀಕ್ಷೆಯಲ್ಲಿ ಸಾಧು ಸರಕು. ಹಾಗಾಗಿ ಅದು ಡೆಕ್ಕಿನ ಮೇಲೆ, ಅಂಚಿನ ಸಾಲಿನಲ್ಲಿ, ಬಿರುಗಾಳಿಗೆ ಮೊದಲು ಬೀಳುವ ಜಾಗದಲ್ಲೂ ಇರಬಹುದು. ಎಷ್ಟು ಇದೆ, ಎಲ್ಲಿ ಇದೆ ಎಂದು ಬಂದರಿಗೆ ಪ್ರತ್ಯೇಕವಾಗಿ ಹೇಳುವ ಕಟ್ಟುಪಾಡು ಇಲ್ಲ.

ಹಡಗಿನಿಂದ ಕಡಲಿಗೆ ಪ್ಲಾಸ್ಟಿಕ್ ಎಸೆಯುವಂತಿಲ್ಲ ಎಂಬ ನಿಯಮ ಇದೆಯಲ್ಲ ಎಂದು ಕೇಳಬಹುದು. ಇದೆ. ಹಡಗುಗಳಿಂದ ಆಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌ನ ಐದನೇ ಅನುಬಂಧ 1988ರ ಕೊನೆಯಿಂದಲೇ ಜಾರಿಯಲ್ಲಿದೆ. ಆದರೆ ಅದು ಕಸ ಎಸೆಯುವವರನ್ನು ತಡೆಯಲು ಬರೆದದ್ದು. ಎಚ್ಚರ ವಹಿಸಿಯೂ ಹಡಗಿಗೆ ಹಾನಿಯಾಗಿ ವಸ್ತು ಕಡಲು ಸೇರಿದರೆ ಅದರಲ್ಲಿ ವಿನಾಯಿತಿ ಇದೆ. ಇನ್ನು ನಮ್ಮ ದೇಶದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹೆಸರೇ ಹೇಳುವಂತೆ ತ್ಯಾಜ್ಯಕ್ಕೆ. ಕಾಳು ತ್ಯಾಜ್ಯವಲ್ಲ, ದುಡ್ಡು ಕೊಟ್ಟು ಕೊಂಡ ಮಾಲು.

ಇನ್ನೊಂದು ತಮಾಷೆ ನೋಡಿ. ವಿಜ್ಞಾನಿಗಳು ಸಾಮಾನ್ಯವಾಗಿ 5 ಮಿಲಿಮೀಟರ್‌ಗಿಂತ ಚಿಕ್ಕದನ್ನೆಲ್ಲ ಮೈಕ್ರೋಪ್ಲಾಸ್ಟಿಕ್ ಎಂದು ಲೆಕ್ಕ ಹಾಕುತ್ತಾರೆ. 2024ರ ತಿದ್ದುಪಡಿಯಲ್ಲಿ ನಮ್ಮ ನಿಯಮ ಇಟ್ಟಿರುವ ಗಡಿ 1 ಮೈಕ್ರಾನ್‌ನಿಂದ 1,000 ಮೈಕ್ರಾನ್, ಅಂದರೆ 1 ಮಿಲಿಮೀಟರ್. ಹಾಗಾಗಿ 3 ಮಿಲಿಮೀಟರ್‌ನ ಕಾಳು ಕಡಲಲ್ಲಿ ಬಿದ್ದರೆ ನಮ್ಮ ಕಾಗದದ ಪ್ರಕಾರ ಅದು ಮೈಕ್ರೋಪ್ಲಾಸ್ಟಿಕ್ ಕೂಡ ಅಲ್ಲ. ಒಡೆದು ಚೂರಾದ ಮೇಲೆ ಆಗುತ್ತದೆ. ಆಗ ಆರಿಸಲು ಸಾಧ್ಯವಿಲ್ಲ.

ಬದಲಾವಣೆಯ ಪ್ರಯತ್ನಗಳು ನಡೆದಿವೆ. ಪಟ್ಟಿಗೆ ಸೇರಿಸಿ ಎಂದು ಶ್ರೀಲಂಕಾ, ನಾರ್ವೆಯಂಥ ದೇಶಗಳು ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮುಂದೆ ವಾದ ಮಾಡಿದವು. ಕಾಳು ವಿಷವಲ್ಲ, ಪಟ್ಟಿಗೆ ಸೇರಿಸಿದರೆ ಸಾಗಣೆ ವೆಚ್ಚ ಸುಮ್ನೆ ಏರುತ್ತದೆ, ಪ್ಯಾಕಿಂಗ್ ಗಟ್ಟಿ ಮಾಡಿದರೆ ಸಾಕು ಎಂಬುದು ಎದುರಿನ ವಾದ. 2024ರಲ್ಲಿ ಸಂಸ್ಥೆ ನಡುದಾರಿ ಹಿಡಿಯಿತು: ಒಳ್ಳೆ ಪ್ಯಾಕಿಂಗ್ ಮಾಡಿ, ಸರಕಿನ ಮಾಹಿತಿ ಮೊದಲೇ ಕೊಡಿ, ಸಾಧ್ಯವಾದಷ್ಟು ಡೆಕ್ಕಿನ ಕೆಳಗೆ ಇಡಿ. ಇದೆಲ್ಲ ಶಿಫಾರಸು, ಕಡ್ಡಾಯವಲ್ಲ. ಯುರೋಪ್ ಒಕ್ಕೂಟ ಕಾಯಲಿಲ್ಲ. ಕಾಳು ಸೋರಿಕೆ ತಡೆಯಲು 2025ರಲ್ಲಿ ತನ್ನದೇ ಕಾನೂನು ಮಾಡಿತು, ಹಡಗು ಸಾಗಣೆಯನ್ನೂ ಅದರಲ್ಲಿ ಸೇರಿಸಿತು.

ಭಾರತ ಅದೇ ವರ್ಷ ಹೊಸ ಬಂದರು ಕಾಯ್ದೆ ಮತ್ತು ಹೊಸ ವಾಣಿಜ್ಯ ನೌಕಾ ಕಾಯ್ದೆ ತಂದಿದೆ. ಬಂದರುಗಳು ಮಾರ್ಪೋಲ್ ಪಾಲಿಸಬೇಕು ಎಂದು ಬಂದರು ಕಾಯ್ದೆ ಹೇಳುತ್ತದೆ. ಒಳ್ಳೆಯದೇ. ಆದರೆ ಮಾರ್ಪೋಲೇ ಕಾಳನ್ನು ಅಪಾಯಕಾರಿ ಸರಕು ಎನ್ನದಿದ್ದರೆ ಈ ಕಾಯ್ದೆ ಹಿಡಿದುಕೊಂಡು ಪಣಂಬೂರಿನ ಅಧಿಕಾರಿ ಏನು ಮಾಡಬೇಕು?

ಕಾಳು ದಕ್ಷಿಣಕ್ಕೆ ಹೋದದ್ದು ಯಾಕೆ?

ಎಲ್ಸಾ ಮುಳುಗಿದ್ದು ಮಳೆಗಾಲದ ಬಾಗಿಲಲ್ಲಿ. ಆ ಹೊತ್ತಿಗೆ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಹಾಗಾಗಿ ಕಾಳು ಮುಖ್ಯವಾಗಿ ಕೊಲ್ಲಂ, ತಿರುವನಂತಪುರದ ಕಡೆಗೆ, ಅಲ್ಲಿಂದ ತಮಿಳುನಾಡಿನ ತೀರಕ್ಕೆ ಹೋಯಿತು. ಇದು ನಮ್ಮ ಅದೃಷ್ಟವೇ ಹೊರತು ವ್ಯವಸ್ಥೆಯ ಸಾಧನೆ ಅಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯುತ್ತದೆ. ಅದೇ ಹಡಗು ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಮುಳುಗಿದ್ದರೆ ಕೊಲ್ಲಂಗಿಂತ ಕಾಸರಗೋಡು, ತಲಪಾಡಿ, ಸೋಮೇಶ್ವರ, ಉಳ್ಳಾಲಕ್ಕೆ ಜಾಸ್ತಿ ಆತಂಕ ಇರುತ್ತಿತ್ತು. ಡಿಸೆಂಬರ್ ಅಂದರೆ ನಮ್ಮಲ್ಲಿ ಮೀನುಗಾರಿಕೆ ಜೋರಾಗಿರುವ ಕಾಲ. ಮಳೆಗಾಲದಲ್ಲಿ ನಮಗೆ ಭಯ ಇರಬೇಕಾದ್ದು ಉತ್ತರದ ಕಡೆಯಿಂದ. ಗೋವಾ, ಕಾರವಾರದಾಚೆ ಏನಾದರೂ ಆದರೆ ಪ್ರವಾಹ ಇಳಿದು ಬರುವುದು ಕುಂದಾಪುರ, ಮಲ್ಪೆ, ಕಾಪು ಕಡೆಗೆ, ಜೊತೆಗೆ ಪಶ್ಚಿಮದ ಗಾಳಿ ದಡಕ್ಕೆ ನೂಕುತ್ತದೆ. ಮುಂಬೈ ಕಡೆಯಿಂದ ಕೊಲಂಬೊಗೆ ಹೋಗಿಬರುವ ಕಂಟೈನರ್ ಹಡಗುಗಳ ದಾರಿ ನಮ್ಮ ಕಡಲಾಚೆಯೇ. 2025ರ ಮೇಯಲ್ಲಿ ಕೇರಳದ ವಿಳಿಂಜಂ ಬಂದರನ್ನು ಅಧಿಕೃತವಾಗಿ ಉದ್ಘಾಟಿಸಲಾಯಿತು. ಈ ದಾರಿಯಲ್ಲಿ ಓಡಾಟ ಇನ್ನು ಮುಂದೆ ಏರುವುದೇ.

ಹಡಗು ಮುಳುಗುವುದು ನಮಗೆ ಹೊಸದೂ ಅಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪಾಡಿ ಬಳಿ ಪ್ರಿನ್ಸೆಸ್ ಮಿರಾಲ್ ಮುಳುಗಿತು. ಅದರಲ್ಲಿದ್ದದ್ದು ಸುಮಾರು 8,000 ಟನ್ ಉಕ್ಕಿನ ಸುರುಳಿ. ಉಕ್ಕು ತಳ ಸೇರಿತು, ಎಲ್ಲರ ಕಣ್ಣು ಇದ್ದದ್ದು ಎಣ್ಣೆಯ ಮೇಲೆ. ಎಣ್ಣೆ ಸೋರಿಕೆಗೆ ನಮ್ಮಲ್ಲಿ ರಾಷ್ಟ್ರೀಯ ಯೋಜನೆ ಇದೆ, ಕೋಸ್ಟ್ ಗಾರ್ಡ್ ಅದರ ಹೊಣೆ ಹೊತ್ತಿದೆ, ಪಣಂಬೂರಿನಲ್ಲೇ ಅದರ ಜಿಲ್ಲಾ ಕೇಂದ್ರವಿದೆ. ಎಣ್ಣೆ ತಡೆಯಲು ಬಳಸುವ ತೇಲುಬೇಲಿ, ಅಣಕು ಕಾರ್ಯಾಚರಣೆ ಎಲ್ಲ ಗೊತ್ತಿರುವ ವಿಷಯ. ಅದೇ ಬಟ್ಟಪಾಡಿಯಲ್ಲಿ ಸುರುಳಿಯ ಬದಲು ಕಾಳಿನ ಚೀಲ ಇದ್ದಿದ್ದರೆ? ದಡದ ಮರಳು ಜರಡಿ ಹಿಡಿಯುವ ಕೆಲಸ ಕೋಸ್ಟ್ ಗಾರ್ಡಿನದ್ದಾ, ಬಂದರಿನದ್ದಾ, ಮಾಲಿನ್ಯ ನಿಯಂತ್ರಣ ಮಂಡಳಿಯದ್ದಾ, ನಗರಸಭೆಯದ್ದಾ ಎಂದು ಮೊದಲ ಎರಡು ದಿನ ಅದರಲ್ಲೇ ಹೋಗುತ್ತಿತ್ತು. ಕಾಳಿನ ವಿಷಯದಲ್ಲಿ ಮೊದಲ ಎರಡು ದಿನವೇ ಮುಖ್ಯ. ಚೀಲ ಚೀಲವಾಗಿಯೇ ದಡಕ್ಕೆ ಬಂದಾಗ ಎತ್ತಿದರೆ ಒಂದು ಲಾರಿಯ ಕೆಲಸ. ಒಡೆದ ಮೇಲೆ ವರ್ಷಗಳ ಕೆಲಸ.

ಹಡಗಿಗೇ ಕಾಯಬೇಕಿಲ್ಲ

ಕಾಳು ಹೊರಗಿನಿಂದ ಮಾತ್ರ ಬರುವ ಸರಕು ಎಂದುಕೊಂಡರೆ ತಪ್ಪು. ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್‌ನ ಪಾಲಿಪ್ರೊಪಿಲೀನ್ ಘಟಕ ಮಂಗಳೂರಿನಲ್ಲೇ ಇದೆ, ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ್ದು. ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ ಸುಮಾರು 1,200 ಟನ್. 25 ಕಿಲೋ ಚೀಲದ ಲೆಕ್ಕದಲ್ಲಿ 48,000 ಚೀಲ. ಇದು ಆರೋಪವಲ್ಲ, ಬರೀ ಗುಣಾಕಾರ. ಇಂಥ ಯಾವುದೇ ಸರಕು ತುಂಬುವಾಗ, ಲಾರಿಗೆ ಏರಿಸುವಾಗ, ಗೋದಾಮಿನಲ್ಲಿ ಇಳಿಸುವಾಗ ಚೂರುಪಾರು ಚೆಲ್ಲುತ್ತದೆ. ಫೋರ್ಕ್‌ಲಿಫ್ಟಿನ ಮೊನೆ ಒಂದು ಚೀಲಕ್ಕೆ ತಾಗಿದರೂ ಸಾಕು. ಹತ್ತು ಸಾವಿರದಲ್ಲಿ ಒಂದು ಪಾಲು ಚೆಲ್ಲಿತು ಎಂದು ಲೆಕ್ಕಕ್ಕೆ ಇಟ್ಟುಕೊಂಡರೂ 4.4 ಲಕ್ಷ ಟನ್ನಿಗೆ ಅದು 44 ಟನ್ ಆಗುತ್ತದೆ.

ಚೆಲ್ಲಿದ್ದನ್ನು ಗುಡಿಸಿದರೆ ತೊಂದರೆ ಇಲ್ಲ. ಗುಡಿಸದೆ ಬಿಟ್ಟರೆ ಜೂನ್ ಬರುತ್ತದಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿದು. ರಸ್ತೆ ಬದಿಯ ಚರಂಡಿ ತೋಡಿಗೆ, ತೋಡು ಫಲ್ಗುಣಿಗೆ, ಫಲ್ಗುಣಿ ಅಳಿವೆ ಬಾಗಿಲಿಗೆ. ಚರಂಡಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಗೋದಾಮಿನ ಅಂಗಳ ಗುಡಿಸಿ, ಹರಿದ ಚೀಲಕ್ಕೆ ತಕ್ಷಣ ಇನ್ನೊಂದು ಚೀಲ ಹಾಕಿದರೆ ಬಹುಪಾಲು ನಿಲ್ಲುತ್ತದೆ. ಪ್ಲಾಸ್ಟಿಕ್ ಉದ್ಯಮವೇ 1991ರಲ್ಲಿ ಅಮೆರಿಕದಲ್ಲಿ ಇಂಥ ಸ್ವಯಂ ಶಿಸ್ತಿನ ಕಾರ್ಯಕ್ರಮ ಶುರು ಮಾಡಿತ್ತು. ಸ್ವಯಂ ಶಿಸ್ತಿನ ತೊಂದರೆ ಏನೆಂದರೆ, ಹೊರಗಿನವರು ಬಂದು ನೋಡುವಂತಿಲ್ಲ.

ಮಲ್ಪೆಯಲ್ಲಿ ಬಣ್ಣ ಬಳಿಯುವ ತಿಂಗಳು

ಹಡಗು, ಬೋಟುಗಳಿಂದ ಬರುವ ಮೈಕ್ರೋಪ್ಲಾಸ್ಟಿಕ್ ಎಂದರೆ ಕಾಳು ಮಾತ್ರ ಅಲ್ಲ. ಬಣ್ಣವೂ ಪ್ಲಾಸ್ಟಿಕ್ಕೇ. ಎಪಾಕ್ಸಿ, ಅಕ್ರಿಲಿಕ್, ಪಾಲಿಯುರೆಥೇನ್ ಇವೆಲ್ಲ ಪಾಲಿಮರ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆ 61 ದಿನದಲ್ಲೇ ಮಲ್ಪೆ ಬಂದರು, ಮಂಗಳೂರಿನ ದಕ್ಕೆ, ಬೆಂಗ್ರೆಯಲ್ಲಿ ಬೋಟುಗಳ ರಿಪೇರಿ. ತಳಕ್ಕೆ ಅಂಟಿದ ಚಿಪ್ಪನ್ನು ಕೆರೆಯುತ್ತಾರೆ, ಹಳೆ ಬಣ್ಣ ಉಜ್ಜಿ ತೆಗೆಯುತ್ತಾರೆ, ಫೈಬರ್ ಹೊದಿಕೆ ಬಿರುಕು ಬಿಟ್ಟಲ್ಲಿ ಗ್ರೈಂಡರ್ ಹಿಡಿದು ಹೊಸ ಪದರ ಹಚ್ಚುತ್ತಾರೆ. ನೆಲದ ಮೇಲೆ ಕೆಂಪು, ನೀಲಿ ಚಕ್ಕೆ. ಗ್ರೈಂಡರಿನಿಂದ ಹಾರುವ ಬಿಳಿ ಪುಡಿ ಫೈಬರಿನದ್ದು. ಮೇಲಿಂದ ಮಳೆ. ಎಲ್ಲ ನೇರ ನೀರಿಗೆ.

ಈ ಚಕ್ಕೆ ಕಾಳಿನ ಹಾಗೆ ತೇಲುವುದಿಲ್ಲ, ಹೆಚ್ಚಿನದು ಮುಳುಗುತ್ತದೆ. ಅದರಲ್ಲಿ ತಾಮ್ರದಂಥ ಲೋಹ ಇರುತ್ತದೆ, ಯಾಕೆಂದರೆ ತಳದ ಬಣ್ಣ ಇರುವುದೇ ಚಿಪ್ಪುಜೀವಿಗಳನ್ನು ದೂರ ಇಡಲು. ಹೂಳಿನ ಜೊತೆ ಸೇರಿ ಬಂದರಿನ ತಳದಲ್ಲಿ ಕೂರುತ್ತದೆ. ಆಮೇಲೆ ಹೂಳೆತ್ತುತ್ತಾರೆ. ಹೂಳೆತ್ತದೆ ಬಂದರು ನಡೆಯುವುದಿಲ್ಲ, ಅದು ಸರಿ. ಆದರೆ ಹೂಳನ್ನು ಕಡಲಲ್ಲೇ ಬೇರೆ ಜಾಗದಲ್ಲಿ ಸುರಿದರೆ ಒಂದು ಕಡೆ ನಿಂತಿದ್ದ ಚಕ್ಕೆ ಮತ್ತೆ ಓಡಾಟ ಶುರು ಮಾಡುತ್ತದೆ.

ದೊಡ್ಡ ಹಡಗುಗಳದ್ದು ಇದೇ ಕಥೆ, ದೊಡ್ಡ ಅಳತೆಯಲ್ಲಿ. ಜೊತೆಗೆ ಸ್ನಾನ, ಬಟ್ಟೆ ಒಗೆದ ನೀರು. ಮಾರ್ಪೋಲ್ ಶೌಚದ ನೀರಿಗೆ ನಿಯಮ ಮಾಡಿದೆ, ಬಟ್ಟೆ ಒಗೆದ ನೀರಿಗೆ ಮಾಡಿಲ್ಲ. ಸಾವಿರಾರು ಜನರ ಪ್ರವಾಸಿ ಹಡಗಿನಲ್ಲಿ ನೈಲಾನ್, ಪಾಲಿಯೆಸ್ಟರ್ ನೂಲಿನೆಳೆ ಆ ನೀರಿನಲ್ಲೇ ಹೋಗುತ್ತದೆ.

ಹಡಗಿನ ಪಾಲು ಸಣ್ಣದು ಎಂಬ ವಾದ

ಬಂದರಿನ ಪರ ಮಾತಾಡುವವರ ಕೈಯಲ್ಲಿ ಒಂದು ಗಟ್ಟಿ ಅಂಕಿ ಇದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ 2017ರಲ್ಲಿ ಕೊಟ್ಟ ಅಂದಾಜಿನಲ್ಲಿ, ಸಣ್ಣ ಕಣವಾಗಿಯೇ ಕಡಲು ಸೇರುವ ಪ್ಲಾಸ್ಟಿಕ್‌ನಲ್ಲಿ ಬಟ್ಟೆಯ ಪಾಲು ಶೇ 35, ಟಯರಿನದ್ದು ಶೇ 28, ನಗರದ ಧೂಳಿನದ್ದು ಶೇ 24. ಹಡಗು, ದೋಣಿ ಬಣ್ಣದ್ದು ಶೇ 3.7. ಕಾಳಿನದ್ದು ಬರೀ ಶೇ 0.3. ಇಷ್ಟಕ್ಕೆ ಇಷ್ಟು ಗದ್ದಲ ಯಾಕೆ, ಮೊದಲು ನಗರದ ಕಸ ನೋಡಿ ಎಂಬುದು ಅವರ ವಾದ. 2019ರಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆ, ತೋಟ ಮುಚ್ಚಿದ್ದನ್ನು ನೋಡಿದವರಿಗೆ ಈ ವಾದ ಸುಳ್ಳು ಅನ್ನಿಸುವುದಿಲ್ಲ.

ಆದರೂ ಇದರಲ್ಲಿ ತಕರಾರು ಇದೆ. 2021ರ ಸ್ವಿಸ್ ಅಧ್ಯಯನವೊಂದು ಕಟ್ಟಡ, ವಾಹನ, ಹಡಗು ಎಲ್ಲ ಸೇರಿಸಿ ಬಣ್ಣವನ್ನೇ ಮೊದಲ ಸ್ಥಾನದಲ್ಲಿ ಇಟ್ಟಿತು. ಲೆಕ್ಕ ಹಾಕುವ ರೀತಿ ಬದಲಾದರೆ ಸ್ಥಾನವೂ ಬದಲಾಗುತ್ತದೆ. ಟಯರಿನ ಶೇ 28 ಎಂದರೆ ಯಾರ ಟಯರು? ಪಣಂಬೂರು ವರ್ಷಕ್ಕೆ ನಾಲ್ಕೂವರೆ ಕೋಟಿ ಟನ್ ಆಸುಪಾಸು ಸರಕು ನೋಡುವ ಬಂದರು. ಕಚ್ಚಾ ತೈಲ ಕೊಳವೆಯಲ್ಲಿ ಹೋಗುತ್ತದೆ, ಒಂದಷ್ಟು ರೈಲಿನಲ್ಲಿ. ಉಳಿದದ್ದು ಬೈಕಂಪಾಡಿ ದಾಟಿ, ಶಿರಾಡಿ ಘಾಟಿ ಹತ್ತುವ ಲಾರಿಗಳಲ್ಲಿ. ಘಾಟಿಯಲ್ಲಿ ಭಾರ ಹೊತ್ತು ಬ್ರೇಕ್ ಹಿಡಿಯುತ್ತ ಇಳಿಯುವ ಲಾರಿಯ ಟಯರು ಸವೆದ ಪುಡಿ ಮಳೆಯಲ್ಲಿ ತೊಳೆದು ನದಿಗೆ ಇಳಿಯುತ್ತದೆ. ಅದು ನಗರದ ಲೆಕ್ಕವೋ, ಬಂದರಿನ ಲೆಕ್ಕವೋ?

ಜಗತ್ತಿನ ಸರಾಸರಿ ಒಂದು ಊರಿಗೆ ಏನನ್ನೂ ಹೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ತಕರಾರು. ಶೇ 0.3 ಎಂಬುದು ಇಡೀ ಭೂಮಿಗೆ ಹಂಚಿದಾಗ ಬರುವ ಅಂಕಿ. ಎಕ್ಸ್‌ಪ್ರೆಸ್ ಪರ್ಲ್‌ನ ಕಾಳು ಬಂದ ಶ್ರೀಲಂಕಾದ ನೆಗೊಂಬೊದ ಮೀನುಗಾರನಿಗೆ ಅದು ಕೆಲವೇ ದಿನಗಳಲ್ಲಿ, ಅವನ ಒಂದೇ ದಡಕ್ಕೆ ಬಂದು ಬಿತ್ತು.

ಮೀನು ತಿನ್ನಬಹುದಾ?

ತಿನ್ನಬಹುದು. ಮೀನಿನಲ್ಲಿ ಕಂಡ ಪ್ಲಾಸ್ಟಿಕ್ ಕಣಗಳು ಹೆಚ್ಚಾಗಿ ಹೊಟ್ಟೆ, ಕರುಳಿನಲ್ಲಿ. ಬಂಗುಡೆ, ಬೂತಾಯಿಯನ್ನು ನಾವು ಹೊಟ್ಟೆ ಬಗೆದು, ತೊಳೆದೇ ಸಾರು ಮಾಡುವುದು. 3 ಮಿಲಿಮೀಟರ್‌ನ ಕಾಳು ಕರುಳು ದಾಟಿ ಮಾಂಸಕ್ಕೆ ಹೋಗುವುದಿಲ್ಲ. ಇಡಿಯಾಗಿ ತಿನ್ನುವ ಮರುವಾಯಿ, ಪಚ್ಚಿಲೆಯಂಥ ಚಿಪ್ಪುಮೀನು, ಹೊಟ್ಟೆ ತೆಗೆಯದ ಸಣ್ಣ ಒಣ ಮೀನು ಇವುಗಳ ವಿಷಯ ಬೇರೆ. ನೀರು ಸೋಸಿ ಬದುಕುವ ಚಿಪ್ಪುಮೀನುಗಳು ನೀರಲ್ಲಿರುವ ಕಣವನ್ನೂ ಒಳಗೆ ಎಳೆದುಕೊಳ್ಳುತ್ತವೆ. ಮನುಷ್ಯನ ಆರೋಗ್ಯಕ್ಕೆ ಆಗುವ ಹಾನಿ ಇಷ್ಟೇ ಎಂದು ಅಳೆಯಲು ಪುರಾವೆ ಸಾಲದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆಹಾರದಲ್ಲಿನ ಮೈಕ್ರೋಪ್ಲಾಸ್ಟಿಕ್ ಅಳೆಯುವ ಯೋಜನೆಯನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಶುರು ಮಾಡಿತು, ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ ಅದರಲ್ಲಿದೆ.

ಆರೋಗ್ಯದ ಹಾನಿಗಿಂತ ಮೊದಲು ಬರುವುದು ಭಯದ ಹಾನಿ. ಹಡಗು ಮುಳುಗಿದ ಸುದ್ದಿಗೆ ಗಿರಾಕಿ ಮೀನು ಮಾರುಕಟ್ಟೆಗೆ ಬರುವುದು ಬಿಟ್ಟರೆ, ಮೀನಿನಲ್ಲಿ ಪ್ಲಾಸ್ಟಿಕ್ ಇರಲಿ ಬಿಡಲಿ, ಅಂದಿನ ದರ ಬಿದ್ದಂತೆಯೇ.

ದುಡ್ಡು ಕೊಡುವವರು ಯಾರು?

ಹಡಗು ಮಾಲೀಕರ ಹೊಣೆಗೆ ಅಂತರರಾಷ್ಟ್ರೀಯ ಒಪ್ಪಂದವೊಂದು ಮಿತಿ ಹಾಕಿದೆ. ಹಾನಿ ಎಷ್ಟೇ ಇರಲಿ, ಸಾಮಾನ್ಯವಾಗಿ ಹಡಗಿನ ಗಾತ್ರದ ಮೇಲೆ ಗರಿಷ್ಠ ಪರಿಹಾರ ನಿಗದಿ. ಎಕ್ಸ್‌ಪ್ರೆಸ್ ಪರ್ಲ್ ವಿಷಯದಲ್ಲಿ ಲಂಡನ್ ಕೋರ್ಟ್ 2023ರಲ್ಲಿ ಒಪ್ಪಿದ ಮಿತಿ ಸುಮಾರು 1.9 ಕೋಟಿ ಪೌಂಡ್. ಶ್ರೀಲಂಕಾದ ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲಿ 100 ಕೋಟಿ ಡಾಲರ್ ಕೊಡಿ ಎಂದಿತು. ಎರಡರ ನಡುವೆ ಎಷ್ಟು ಅಂತರ ನೋಡಿ. ಎಲ್ಸಾ ಪ್ರಕರಣದಲ್ಲಿ ಕೇರಳ ಕೇಳಿದ್ದರಲ್ಲಿ ಮೀನುಗಾರರ ನಷ್ಟಕ್ಕೆ ಎಂದು ಇಟ್ಟದ್ದು ಸುಮಾರು 526 ಕೋಟಿ. ಹೈಕೋರ್ಟ್ ಅದೇ ಬಳಗದ ಇನ್ನೊಂದು ಹಡಗನ್ನು ವಿಳಿಂಜಂನಲ್ಲಿ ತಡೆಹಿಡಿಸಿತು, ಭದ್ರತೆಯಾಗಿ 1,227 ಕೋಟಿ ಚಿಲ್ಲರೆ ಇಡಲು ಹೇಳಿತು.

ಕರ್ನಾಟಕ ಇಂಥ ದಾವೆ ಹೂಡುವ ದಿನ ಬಂದರೆ ಎದುರಿನ ವಕೀಲರು ಕೇಳುವ ಪ್ರಶ್ನೆ ಊಹಿಸುವುದು ಕಷ್ಟವಲ್ಲ. ಈ ಕಾಳು ನಮ್ಮ ಹಡಗಿನದ್ದೇ ಎಂದು ಹೇಗೆ ಹೇಳುತ್ತೀರಿ, ಮೊದಲೇ ನಿಮ್ಮ ಮರಳಿನಲ್ಲಿ ಎಷ್ಟಿತ್ತು? ಉತ್ತರ ಕೊಡಲು ಹಳೆಯ ಲೆಕ್ಕ ಬೇಕು. ಸೋಮೇಶ್ವರ, ತಣ್ಣೀರುಬಾವಿ, ಪಡುಬಿದ್ರಿ, ಮಲ್ಪೆ, ಮರವಂತೆಯಲ್ಲಿ ಭರತದ ಗೆರೆಯ ಮೇಲೆ ಒಂದು ಚದರ ಮೀಟರ್ ಚೌಕಟ್ಟು ಇಟ್ಟು, ಮೇಲಿನ ಪದರ ಜರಡಿ ಹಿಡಿದು, ಎಣಿಸಿ, ಒಂದಷ್ಟು ಕಾಳನ್ನು ಗಾಜಿನ ಸೀಸೆಯಲ್ಲಿ ದಿನಾಂಕ ಬರೆದು ಇಡುವ ಕೆಲಸ ಅದು. ಪ್ರವಾಹ ತಿರುಗುವುದರಿಂದ ವರ್ಷಕ್ಕೆ ಕನಿಷ್ಠ ಎರಡು ಸಲ ಬೇಕು, ಸೆಪ್ಟೆಂಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ. ಸುರತ್ಕಲ್‌ನ ಎನ್‌ಐಟಿಕೆ, ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಡಲ ಮೀನುಗಾರಿಕೆ ಸಂಶೋಧಿಸುವ ಸಿಎಂಎಫ್‌ಆರ್‌ಐ ಕೇಂದ್ರ ಮೂರೂ ಇಲ್ಲೇ ಇವೆ.

ನಷ್ಟದ ದಾಖಲೆಯದ್ದು ಇನ್ನೊಂದು ಕಥೆ. ಟ್ರಾಲ್‌ಬೋಟು, ಪರ್ಸೀನ್ ಬೋಟಿನವರ ಹತ್ತಿರ ಡೀಸೆಲ್ ಪುಸ್ತಕ ಇದೆ, ಹರಾಜಿನ ಚೀಟಿ ಇದೆ. ಎಷ್ಟು ದಿನ ಹೋಗಲಿಲ್ಲ, ಎಷ್ಟು ಕಳೆದುಕೊಂಡೆವು ಎಂದು ತೋರಿಸಬಹುದು. ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವವರು, ಅಳಿವೆಯಲ್ಲಿ ಮರುವಾಯಿ ಹೆಕ್ಕುವವರು, ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರು ಅಂದಂದಿನ ವ್ಯಾಪಾರ ಅಂದಂದಿಗೇ ಮುಗಿಸುವವರು. ದಡಕ್ಕೆ ಕಾಳು ಬಂದಾಗ ಮೊದಲ ಏಟು ಇವರಿಗೇ, ಆದರೆ ಪರಿಹಾರದ ಅರ್ಜಿಗೆ ಲಗತ್ತಿಸಲು ಇವರ ಹತ್ತಿರ ಒಂದು ಕಾಗದವೂ ಇರುವುದಿಲ್ಲ. ಮೀನು ಮಾರಾಟ ಸಹಕಾರ ಸಂಘಗಳು ಇವರಿಗೂ ದಿನದ ಚೀಟಿ ಕೊಡುವ ಪದ್ಧತಿಯನ್ನು ಈಗಲೇ ಶುರು ಮಾಡಬಹುದು, ಅದಕ್ಕೆ ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಿಲ್ಲ.